ಸಡಿಲ ಬಿಟ್ಟ ಅಳತೆ

ಬೇರೆ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಸ ಗುಡಿಸುತ್ತಾರೆ. ಈ ಮನೆಯಲ್ಲಿ ಪೊರಕೆಗಿಂತ ಮೊದಲು ಅಯಸ್ಕಾಂತ ಓಡಾಡಬೇಕು. ಹಳೆಯ ರೇಡಿಯೋದಿಂದ ಬಿಚ್ಚಿ ತೆಗೆದ ಆ ಕಪ್ಪು ಬಿಲ್ಲೆಗೆ ದಾರ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋದರೆ, ಹಿಂದಿನ ದಿನ ಕೈಜಾರಿ ಬಿದ್ದ ಗುಂಡುಪಿನ್ನು, ಮುರಿದ ಸೂಜಿ ಎಲ್ಲ ಟಿಕ್ ಟಿಕ್ ಎಂದು ಬಂದು ಅಂಟಿಕೊಳ್ಳುತ್ತವೆ. ಅದಾದ ಮೇಲೆಯೇ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗಿದ ಮಗಳು ನೆಲಕ್ಕೆ ಕಾಲಿಡಬಹುದು.

ಬೀದಿಯವರೆಲ್ಲ ಆ ಮನೆಯ ಸೊಸೆಯನ್ನು ಟೈಲರಮ್ಮ ಎಂದು ಕರೆಯುತ್ತಿದ್ದರು. ಆ ದಿನ ಅವಳು ಬೆನ್ನು ಬಗ್ಗಿಸಿ ದಾರ ಎಳೆಯುತ್ತಿದ್ದಾಗ ಮಗಳು ಆಗಲೇ ಎದ್ದಿದ್ದಳು. ಶಾಲೆಗೆ ರಜೆ. ಗುಬ್ಬಿ ಎಂಬ ಅಡ್ಡಹೆಸರೇ ಅಂಟಿಕೊಂಡಿದ್ದ ಆ ಏಳು ವರ್ಷದ ಹುಡುಗಿ ಹೊಟ್ಟೆಯಡಿಯಾಗಿ ಮಲಗಿ, ಮುಷ್ಟಿಯ ಮೇಲೆ ಗಲ್ಲ ಊರಿ, ಅಯಸ್ಕಾಂತ ಹೋದ ಕಡೆ ಕಣ್ಣು ಹಾಯಿಸುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕೇಳು ಚಿನ್ನ. ಇದೊಂದು ಮುಗಿಸಿಬಿಡ್ತೀನಿ."

ಬಾಗಿಲ ಬಳಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆ ಬಾಯಲ್ಲಿದ್ದ ದಾರವನ್ನು ಕಡಿದು ಹೇಳಿದರು, "ಈ ಮನೇಲಿ ಆಮೇಲೆ ಅನ್ನೋದನ್ನ ಕೂಡಿಡೋಕೆ ಒಂದು ದೊಡ್ಡ ಡಬ್ಬ ತರಬೇಕು ಕಣೇ. ಸಣ್ಣದ್ರಲ್ಲಿ ಹಿಡಿಯಲ್ಲ."

ಸೊಸೆ ನಕ್ಕಳು. ನಗುವುದಕ್ಕೂ ಸೊಂಟ ನೋಯುತ್ತಿತ್ತು. ಶಾಲೆ ತೆರೆಯುವ ಹೊತ್ತಿಗೆ ಸಮವಸ್ತ್ರಗಳನ್ನು ಹೊಲಿದು ಕೊಡಬೇಕು. ಬಟ್ಟೆಯ ಗಂಟುಗಳು ಗೋಡೆಯುದ್ದಕ್ಕೂ ಎದೆಯೆತ್ತರ ನಿಂತಿದ್ದವು. ಅವುಗಳ ಪಕ್ಕದ ಮಂಚದ ಮೇಲೆ ಗಂಡ ಮುಖಕ್ಕೆ ಟವೆಲು ಮುಚ್ಚಿಕೊಂಡು ಮಲಗಿದ್ದ. ರಾತ್ರಿ ಬಸ್ಸಿನ ಡ್ರೈವರು ಅವನು. ಊರು ಏಳುವಾಗ ಅವನು ಮಲಗಬೇಕು.

ಮೇಜಿನ ಅಡಿಗೆ ಅಯಸ್ಕಾಂತ ನೂಕುವಷ್ಟರಲ್ಲಿ ಹೊರಗಿನಿಂದ ದನಿ ಬಂತು.

"ಯಾರಮ್ಮಾ ಒಳಗೆ? ತೆರಿಗೆ ಆಫೀಸಿಂದ ಬಂದಿದೀನಿ. ಅಳತೆಗೆ."

ಟೈಲರಮ್ಮ ದಾರ ಬಿಟ್ಟು ಎದ್ದಳು. ಅಳತೆಯವರು ಬರುತ್ತಾರೆಂದು ಗೊತ್ತಿತ್ತು. ಯಾವತ್ತು ಎಂಬುದಷ್ಟೇ ಗೊತ್ತಿರಲಿಲ್ಲ. ಈ ವರ್ಷ ಅಂಗಡಿಯ ಆಸ್ತಿ ತೆರಿಗೆ ಹೋದ ವರ್ಷದ ಒಂದೂವರೆಪಟ್ಟು ಬಂದಿತ್ತು. ಆಫೀಸಿನ ಕಿಟಕಿಯಲ್ಲಿ ನಿಂತು ಕೇಳಿದ್ದಕ್ಕೆ, "ಈ ಸಲ ನೀವೇ ಬರೆದು ಕೊಟ್ಟ ಅಳತೆ ಅಲ್ವಾ ಮೇಡಂ? ಅನುಮಾನ ಇದ್ರೆ ನಮ್ಮೋರು ಬಂದು ನೋಡ್ತಾರೆ" ಎಂದು ಕಳಿಸಿದ್ದರು. ಅಷ್ಟು ಹಣ ಒಟ್ಟಿಗೆ ಎಲ್ಲಿಂದ ತರುವುದು? ಪಕ್ಕದ ಮೊಬೈಲ್ ಅಂಗಡಿಯವನು ಮುಂಗೋಣೆಯನ್ನು ಬಾಡಿಗೆಗೆ ಕೊಡಿ ಎಂದು ಬೆನ್ನು ಬಿದ್ದಿದ್ದ. ಕೊಟ್ಟರೆ ತೆರಿಗೆಯೇನೋ ತೀರುತ್ತದೆ. ಆದರೆ ಅಲ್ಲಿರುವ ಎರಡು ಮಿಷಿನ್ನೂ ಹಿಂದಿನ ಕೋಣೆಗೇ ಬರಬೇಕು. ಆಮೇಲೆ ಮನುಷ್ಯರು ಕಾಲು ನೀಡುವುದು ಎಲ್ಲಿ?

ಬಂದವರು ನಡುವಯಸ್ಸಿನವರು. ಹೆಗಲಿಗೆ ಚೀಲ, ಕೈಯಲ್ಲಿ ಉಕ್ಕಿನ ಟೇಪು. ಬೀದಿ ಸುತ್ತಿ ಸುತ್ತಿ ಚಪ್ಪಲಿಯ ಒಂದು ಬದಿ ಸವೆದಿತ್ತು. ನೀರು ಕೇಳಿ ಕುಡಿದು, ಮುಂಗೋಣೆಯ ಗೋಡೆಯಿಂದ ಗೋಡೆಗೆ ಟೇಪು ಹಿಡಿದರು. ಗುಬ್ಬಿ ತಾನಾಗಿಯೇ ಹೋಗಿ ಇನ್ನೊಂದು ತುದಿ ಹಿಡಿದುಕೊಂಡಳು. ಅಳತೆ ಟೇಪಿನ ತುದಿ ಹಿಡಿಯುವುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಬಂದ ವಿದ್ಯೆ.

ಅಳತೆಯವರು ಹಾಳೆ ನೋಡಿದರು. ಮತ್ತೆ ಟೇಪು ನೋಡಿದರು. ಇನ್ನೊಮ್ಮೆ ಅಳೆದರು.

"ಏನಮ್ಮಾ ಇದು? ನಿಮ್ಮ ಕೋಣೆ ನಿಜವಾಗಿ ಚಿಕ್ಕದಿದೆ, ಕಾಗದದಲ್ಲಿ ದೊಡ್ಡದಿದೆ. ತೆರಿಗೆ ಉಳಿಸೋಕೆ ಕಡಿಮೆ ಬರೆಯೋರನ್ನ ದಿನಾ ನೋಡ್ತೀನಿ. ಜಾಸ್ತಿ ಬರೆದು ಕೊಟ್ಟೋರನ್ನ ಇವತ್ತೇ ನೋಡ್ತಿರೋದು. ಎಲ್ಲಿಂದ ಎಲ್ಲಿಗೆ ಅಳೆದ್ರಿ?"

"ಹೊರಗಿಂದ," ಎಂದಳು ಟೈಲರಮ್ಮ. "ಈ ಮೂಲೆಯಿಂದ ಆ ಮೂಲೆಗೆ."

"ಗೋಡೆ ಸೇರಿಸಿ?"

"ಅಳತೆ ಅಂದ್ರೆ ಹೊರಗಿಂದ ತಾನೇ ತಗೊಳ್ಳೋದು ಸರ್? ಎದೆ ಸುತ್ತಳತೆ ತಗೋಬೇಕಾದ್ರೆ ಯಾರಾದ್ರೂ ಒಳಗೆ ಹೋಗ್ತಾರಾ?"

ಅಳತೆಯವರ ಮೀಸೆ ಅಲುಗಿತು. "ಅಷ್ಟೇ ಆಗಿದ್ರೂ ಇಷ್ಟು ವ್ಯತ್ಯಾಸ ಬರಲ್ವಲ್ಲ."

ಅವಳು ಅವರ ಕೈಯ ಹಾಳೆಯನ್ನು ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಸಡಿಲ ಬಿಟ್ಟಿದೀನಿ ಅನ್ಸುತ್ತೆ."

"ಏನು?"

"ಸಡಿಲ ಸರ್. ಮೈ ಅಳತೆ ಎಷ್ಟಿದ್ಯೋ ಅಷ್ಟಕ್ಕೇ ಹೊಲಿದ್ರೆ ಕೈ ಎತ್ತೋಕೆ ಆಗಲ್ಲ. ಬರೆಯೋವಾಗ್ಲೇ ಒಂದಿಷ್ಟು ಸೇರಿಸಿ ಬರೀತೀವಿ. ಕೈ ತಾನಾಗೇ ಬರೆದುಬಿಡುತ್ತೆ."

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅಯ್ಯೋ ನನ್ನ ತಾಯೀ! ಗೋಡೆ ಏನು ಕೈ ಎತ್ತುತ್ತಾ? ಅಂಗಡಿ ಬೆಳೆಯೋ ಮಗು ಅಂದ್ಕೊಂಡ್ಯಾ, ಮುಂದಿನ ವರ್ಷಕ್ಕೂ ಆಗ್ಲಿ ಅಂತ ಒಳಗೆ ಬಟ್ಟೆ ಬಿಡೋಕೆ?"

"ಸುಮ್ನಿರಿ ಅತ್ತೆ," ಎಂದಳು ಸೊಸೆ. ಅವಳಿಗೂ ನಗು ಬಂದಿತ್ತು. ಆದರೆ ಆ ನಗುವಿನ ಹಿಂದೆಯೇ, ಇಷ್ಟು ದಿನ ನಿದ್ದೆಗೆಟ್ಟಿದ್ದು ತನ್ನ ಕೈಯ ಅಭ್ಯಾಸದಿಂದಲೇ ಎಂಬ ಆಯಾಸವೂ ಬಂದು ಕೂತಿತು.

"ಇದನ್ನ ತಿದ್ದಬಹುದು," ಎಂದರು ಅಳತೆಯವರು. "ಆದ್ರೆ ನಿಮ್ಮ ಬಿಲ್ಲು ಏರಿರೋದು ಇದೊಂದಕ್ಕೇ ಅಲ್ಲ. ಎರಡೂ ಕೋಣೆ ಅಂಗಡಿ ಅಂತ ಬರೆದಿದೆ. ಅಂಗಡಿಗೆ ಒಂದು ದರ, ಮನೆಗೆ ಕಡಿಮೆ ದರ. ಮನೆ ಎಲ್ಲಿದೆ?"

"ಪರದೆಯಿಂದ ಆಚೆ ಎಲ್ಲ ಮನೇನೇ ಸರ್."

ಅವರು ಪರದೆ ಸರಿಸಿ ಒಳಗೆ ನೋಡಿದರು. ಟೈಲರಮ್ಮನಿಗೆ ತನ್ನ ಕೋಣೆಯನ್ನು ತಾನೇ ಮೊದಲ ಸಲ ನೋಡಿದಂತಾಯಿತು. ಮೂಲೆಯಲ್ಲಿ ಒಲೆ, ಪಕ್ಕದಲ್ಲಿ ಗಂಡ ಮಲಗಿದ ಮಂಚ, ಉಳಿದದ್ದೆಲ್ಲ ಬಟ್ಟೆ. ಕಿಟಕಿಯ ಬೆಳಕಿಗೆ ಅಂಚು ಹೊಲಿಯುವ ಮಿಷಿನ್ನು. ನಟ್ಟನಡುವೆ ಕತ್ತರಿಸುವ ಮೇಜು. ಮೊದಲು ಒಂದು ಗಂಟು ಒಳಗೆ ಬಂದಿತ್ತು, ಎರಡು ದಿನದ ಮಟ್ಟಿಗೆ ಎಂದು. ಕೂರಲು ಜಾಗ ಕೊಟ್ಟರೆ ಮಲಗಲು ಚಾಪೆ ಕೇಳುವ ನೆಂಟನ ಹಾಗೆ, ಕೆಲಸ ಒಂದೊಂದೇ ಕಾಲು ಒಳಗಿಟ್ಟು ಪೂರ್ತಿ ಚಾಚಿಕೊಂಡಿತ್ತು.

"ಇದನ್ನ ಮನೆ ಅಂತ ಹೇಗಮ್ಮಾ ಬರೀಲಿ?"

"ನಾವು ಇಲ್ಲೇ ಮಲಗ್ತೀವಲ್ಲ. ಮಗು ಹಾಸಿಗೆ ನೋಡಿ, ಮೇಜಿನ ಕೆಳಗಿದೆ. ಮೇಲೆ ಅಂಗಡಿ, ಕೆಳಗೆ ಮನೆ."

"ನಮ್ಮ ಲೆಕ್ಕದಲ್ಲಿ ಮೇಲೆ ಕೆಳಗೆ ಅಂತಿಲ್ಲ. ನೆಲ ಒಂದೇ. ಅಂಗಡಿ ಕೆಲಸ ನಡೆಯೋ ನೆಲ ಅಂಗಡೀದೇ."

ಗುಬ್ಬಿ ಟೇಪಿನ ತುದಿ ಹಿಡಿದುಕೊಂಡೇ ಒಮ್ಮೆ ತನ್ನ ಹಾಸಿಗೆ ನೋಡಿದಳು, ಒಮ್ಮೆ ಅಳತೆಯವರನ್ನು ನೋಡಿದಳು. "ಅಮ್ಮಾ..." ಎಂದಳು.

"ಆಮೇಲೆ ಪುಟ್ಟಾ. ಸರ್ ಜೊತೆ ಮಾತಾಡ್ತಿದೀನಿ."

ಅಳತೆಯವರು ಟೇಪನ್ನು ಸರ್ರೆಂದು ಸುತ್ತಿಕೊಂಡರು. ಕೆಟ್ಟವರಲ್ಲ. ಆದರೆ ನಿಯಮ ಅವರ ಚೀಲದಲ್ಲಿತ್ತು, ಆ ಚೀಲ ಅವರ ಹೆಗಲಲ್ಲಿತ್ತು. "ನೋಡಿ, ನಾನು ಈ ಬೀದಿ ಮುಗಿಸೋಕೆ ಸಂಜೆ ಆಗುತ್ತೆ. ವಾಪಸ್ ಬರೋವಾಗ ಈ ಕೋಣೆ ಹೇಗಿರುತ್ತೋ ಹಾಗೇ ಬರ್ಕೊಂಡು ಹೋಗ್ತೀನಿ. ಆದ್ರೆ ಒಂದು ದಿನದ ನಾಟಕ ಬೇಡ. ನಾಳೆ ಇನ್ನೊಬ್ರು ಬಂದು ನೋಡಿದ್ರೂ ಹಾಗೇ ಇರಬೇಕು."

"ಇರುತ್ತೆ," ಎಂದಳು ಅವಳು. ಹೇಗೆಂದು ಗೊತ್ತಿಲ್ಲದೆಯೇ ಹೇಳಿದಳು.

ಅವರು ಮೆಟ್ಟಿಲಿಳಿದ ಮೇಲೆ ಅವಳು ಗಂಡನ ಮಂಚದ ಅಂಚಿಗೆ ಕೂತಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಟವೆಲಿನ ಒಳಗಿಂದಲೇ ದನಿ ಬಂತು, "ಕೇಳಿಸ್ತು. ಎಲ್ಲಾ ಕೇಳಿಸ್ತು. ಸಡಿಲ ಬಿಟ್ಟಿದ್ದೂ ಕೇಳಿಸ್ತು."

"ನಗಬೇಡ್ರೀ."

"ನಗ್ತಿಲ್ಲ. ಮುಂದಕ್ಕೆ ಸಾಗಿಸೋಕೆ ಮೇಜು ಬಾಗಿಲಲ್ಲಿ ಹಿಡಿಯಲ್ಲ, ಕಾಲು ಬಿಚ್ಚಬೇಕು ಅಂತ ಯೋಚನೆ ಮಾಡ್ತಿದೀನಿ." ಅವನು ಎದ್ದು ಕೂತ. ಕಣ್ಣುಗಳು ಕೆಂಡದಂತಿದ್ದವು. "ಮುಂದೆ ಗಿರಾಕಿಗಳು ಕೂರೋ ಬೆಂಚು ಹೊರಗೆ ಹಾಕೋಣ. ಮೂರೂ ಮಿಷಿನ್ನು ಗೋಡೆಗೆ ಒತ್ತಿಡೋಣ."

"ಗಿರಾಕಿ ಎಲ್ಲಿ ಕೂರ್ತಾರೆ?"

ಅತ್ತೆ ಬಾಗಿಲಿನಿಂದಲೇ ಉತ್ತರ ಕೊಟ್ಟರು, "ನಿಂತ್ಕೊಳ್ಳಲಿ ಬಿಡು. ಕೂತ್ರೆ ತಾನೇ ಚೌಕಾಸಿಗೆ ಇಳಿಯೋದು. ನಿಂತ ಗಿರಾಕಿ ಬೇಗ ದುಡ್ಡು ಕೊಡ್ತಾನೆ."

ಕೆಲಸ ಶುರುವಾಯಿತು. ಗಂಟುಗಳನ್ನು ಹೊತ್ತು ಮುಂದಕ್ಕೆ ಹಾಕುವುದರಲ್ಲೇ ಅರ್ಧ ಬೆಳಗು ಕಳೆಯಿತು. ನಡುವೆ ಒಬ್ಬಾಕೆ ರವಿಕೆ ಕೇಳಲು ಬಂದಳು. ಇನ್ನೊಬ್ಬ ಪ್ಯಾಂಟಿನ ಸೊಂಟ ಬಿಡಿಸಲು ಬಂದು, "ಅಂಗಡಿ ಖಾಲಿ ಮಾಡ್ತಿದೀರಾ?" ಎಂದ. "ನಿನ್ನ ಹೊಟ್ಟೆಗೆ ಜಾಗ ಮಾಡ್ತಿದೀವಿ ಕಣಪ್ಪಾ" ಎಂದು ಅತ್ತೆ ಪ್ಯಾಂಟು ಇಸಿದುಕೊಂಡರು. ಟೈಲರಮ್ಮ ಒಲೆಯ ಮೇಲೆ ಅನ್ನಕ್ಕಿಟ್ಟು, ಅಂಚಿನ ಮಿಷಿನ್ನಿನ ತಲೆ ಬಿಚ್ಚಿ, ಅನ್ನ ಬಸಿದು, ಮಿಷಿನ್ನಿನ ಕಾಲು ಎಳೆದಳು. ಕೈಗಳೆರಡು ಸಾಲದೆಂದು ದೇವರನ್ನು ಬಯ್ಯಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಊಟವಾದ ಮೇಲೆ ಮೇಜಿನ ಸರದಿ. ಗಂಡ ಸ್ಪ್ಯಾನರಿನಿಂದ ಕಾಲುಗಳನ್ನು ಬಿಚ್ಚಿದ. ಇಬ್ಬರೂ ಒಂದೊಂದು ಕಡೆ ಹಿಡಿದು ಹಲಗೆಯನ್ನು ಅಡ್ಡ ನಿಲ್ಲಿಸಿದರು. ಆಗ ಅದರ ಅಡಿಭಾಗ ಬೆಳಕಿಗೆ ಬಂತು.

ಹಲಗೆಯ ತುಂಬ ಗುರುತು ಹಾಕುವ ಸೀಮೆಸುಣ್ಣದ ಗೆರೆಗಳಿದ್ದವು. ಬಿಳಿ, ನೀಲಿ, ಗುಲಾಬಿ. ಗಂಡ ಬಗ್ಗಿ ನೋಡಿದ. "ಇದೇನೇ ಗುಬ್ಬೀ, ಬರೀ ಕಾಲುಗಳು? ಮುಖ ಬರೆಯೋದು ಮರೆತುಬಿಟ್ಯಾ?"

ನಿಜವೇ. ಎಲ್ಲವೂ ಕಾಲುಗಳು. ಮಿಷಿನ್ನಿನ ಪೆಡಲಿನ ಮೇಲೆ ಇಟ್ಟ ಕಾಲು, ಒಂದರ ಮೇಲೊಂದು ಇಟ್ಟ ಕಾಲು, ತುದಿಗಾಲಲ್ಲಿ ನಿಂತದ್ದು. ಒಂದು ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದನ್ನೂ ಬರೆದಿದ್ದಳು. ಅದು ಇಸ್ತ್ರಿಪೆಟ್ಟಿಗೆ ಕಾಲ ಮೇಲೆ ಬಿದ್ದ ವಾರದ್ದು.

"ಅದು ಅಮ್ಮ," ಎಂದಳು ಗುಬ್ಬಿ. ಅಪ್ಪನಿಗೆ ಇಷ್ಟೂ ಗೊತ್ತಾಗುವುದಿಲ್ಲವಲ್ಲ ಎಂಬಂತೆ ಹೇಳಿದಳು. "ನನ್ನ ಹಾಸಿಗೆಯಿಂದ ಅಮ್ಮ ಹಂಗೇ ಕಾಣೋದು."

ಟೈಲರಮ್ಮ ಹಲಗೆಯ ತನ್ನ ಕಡೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಮೆಲ್ಲಗೆ ರೀ," ಎಂದಳು. "ಚೌಕಟ್ಟಿಗೆ ಉಜ್ಜದ ಹಾಗೆ ತಗೊಳ್ಳಿ. ಅಳಿಸಿ ಹೋಗುತ್ತೆ."

ಮೇಜು ಮುಂಗೋಣೆ ಸೇರಿದ ಮೇಲೆ ಅಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಉಸಿರು ಹಿಡಿಯಬೇಕಾಯಿತು. ಹಿಂದಿನ ಕೋಣೆಯೋ, ಮಾತಾಡಿದರೆ ಮಾರ್ದನಿ ಕೊಡುವಷ್ಟು ಖಾಲಿ. ನಟ್ಟನಡುವೆ ಗುಬ್ಬಿಯ ಪುಟ್ಟ ಹಾಸಿಗೆ, ಮೇಲೆ ಸೂರಿಲ್ಲದೆ, ಮೊಟ್ಟೆಯೊಡೆದು ಈಚೆ ಬಂದ ಮರಿಯ ಹಾಗೆ ಬಿದ್ದಿತ್ತು. ಗುಬ್ಬಿ ಅದರ ಮೇಲೆ ಅಂಗಾತ ಮಲಗಿ ಚಾವಣಿ ನೋಡಿದಳು. "ಅಜ್ಜೀ, ಮೇಲೆ ಜೇಡ ಇದೆ," ಎಂದಳು.

"ಇರ್ಲಿ ಬಿಡು. ಅದೂ ನೇಯೋ ಕೆಲಸದ್ದೇ. ತೆರಿಗೆಯವರಿಗೆ ಮಾತ್ರ ತೋರಿಸಬೇಡ."

ಟೈಲರಮ್ಮ ಸೀಮೆಸುಣ್ಣ ತಂದು ಪರದೆಯ ಕೆಳಗೆ, ಗೋಡೆಯಿಂದ ಗೋಡೆಗೆ, ಸ್ಕೇಲು ಹಿಡಿದು ಗೆರೆ ಎಳೆದಳು. ಬಟ್ಟೆಯ ಮೇಲಾಗಿದ್ದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯುತ್ತಿದ್ದಳು, ಹೊಲಿಗೆಗೆಂದು. ಕೈ ಹೋಯಿತು ಕೂಡ. ತಡೆದುಕೊಂಡಳು.

"ಇಲ್ಲಿಂದ ಈಚೆ ಅಂಗಡಿ, ಆಚೆ ಮನೆ," ಎಂದಳು. "ಇನ್ನು ಮೇಲೆ ಸೂಜಿ, ದಾರ, ಚೂರು ಬಟ್ಟೆ, ಏನೂ ಆ ಕಡೆ ಹೋಗೋ ಹಾಗಿಲ್ಲ. ಅತ್ತೆ, ನಿಮಗೂ ಸೇರಿ ಹೇಳ್ತಿರೋದು."

"ನನ್ನ ಕನ್ನಡಕ ಯಾವ ಕಡೆ ಸೇರಿದ್ದು ಅಂತಾನೂ ಹೇಳಿಬಿಡಮ್ಮಾ. ಗುಂಡಿ ಹಾಕೋಕೂ ಅದೇ, ಅಕ್ಕಿ ಆರಿಸೋಕೂ ಅದೇ."

ಬಿಸಿಲು ಇಳಿಯುವ ಹೊತ್ತಿಗೆ ಅಳತೆಯವರು ಬಂದರು. ಬೆಳಿಗ್ಗೆಗಿಂತ ಇನ್ನಷ್ಟು ಬಾಡಿದ್ದರು. ಪರದೆ ಸರಿಸಿದರು, ಗೆರೆ ನೋಡಿದರು, ಅದನ್ನು ತುಳಿಯದೆ ದಾಟಿ ಒಳಗೆ ಹೋದರು. ಈ ಸಲವೂ ಗುಬ್ಬಿಯೇ ಟೇಪಿನ ತುದಿ ಹಿಡಿದಳು. ಅಳೆದು ಮುಗಿದ ಮೇಲೆ ಅಯಸ್ಕಾಂತ ತಂದು, ಅವರಿಗೆ ಕಾಣಲೆಂದೇ, ನೆಲದ ಮೇಲೆ ಎಳೆದು ತೋರಿಸಿದಳು. ಖಾಲಿ, ಖಾಲಿ, ಖಾಲಿ. ಮಂಚದ ಕಾಲಿನ ಹತ್ತಿರ ಟಿಕ್ ಎಂದಿತು. ಒಂದು ಗುಂಡುಪಿನ್ನು.

ಟೈಲರಮ್ಮ ಅದನ್ನು ಎತ್ತಲು ಮುಂದೆ ಬಂದಳು. ಅಳತೆಯವರು ಬಗ್ಗಿ ಪಿನ್ನನ್ನು ಬಿಡಿಸಿಕೊಂಡು, ಗೆರೆಯ ಆಚೆಗೆ ಕೈ ಚಾಚಿ, ಮೇಜಿನ ಮೇಲಿಟ್ಟರು.

"ಒಂದು ಪಿನ್ನಿಗೆ ತೆರಿಗೆ ಹಾಕೋಷ್ಟು ಹೊಟ್ಟೆ ಹಸಿದಿಲ್ಲಮ್ಮಾ ನಮ್ಮ ಆಫೀಸಿಗೆ," ಎಂದರು. "ಹಿಂದಿನ ಕೋಣೆ ಮನೆ. ಮುಂದಿನದು ಅಂಗಡಿ, ಒಳಗಿನ ಅಳತೆ ಪ್ರಕಾರ." ಬರೆದು, ಹೊಸ ಮೊತ್ತವನ್ನು ಹಾಳೆಯಲ್ಲಿ ತೋರಿಸಿದರು. ಕಡಿಮೆಯೇನಲ್ಲ. ಆದರೆ ಮುಂಗೋಣೆ ಬಾಡಿಗೆಗೆ ಕೊಡದೆ, ಉಸಿರು ಕಟ್ಟಿ ಹೊಲಿದರೆ ತೀರಿಸಬಹುದಾದ ಮೊತ್ತ.

"ಹೇಗೆ ಕಟ್ತೀರಾ? ತಿಂಗಳ ಕೊನೆಯೊಳಗೆ ಒಂದೇ ಸಲ ಕಟ್ಟಿದ್ರೆ ಸ್ವಲ್ಪ ರಿಯಾಯ್ತಿ ಇದೆ. ಎರಡು ಕಂತಾದ್ರೆ ರಿಯಾಯ್ತಿ ಇಲ್ಲ, ಬಡ್ಡೀನೂ ಇಲ್ಲ. ನಾಲ್ಕು ಕಂತಾದ್ರೆ ಬಡ್ಡಿ ಬೀಳುತ್ತೆ. ಫೋನಲ್ಲೇ ಕಟ್ಟಬಹುದು. ಕಿಟಕೀಲಿ ಕಟ್ಟೋದಾದ್ರೆ ಬೆಳಿಗ್ಗೆ ಬೇಗ ಬನ್ನಿ, ಸಾಲು ಕಡಿಮೆ. ಚೆಕ್ ಕೊಟ್ರೆ ಖಾತೇಲಿ ದುಡ್ಡಿರಬೇಕು, ವಾಪಸ್ ಬಂದ್ರೆ ದಂಡ ಬೇರೆ."

"ನಮ್ಮ ಗಿರಾಕಿಗಳದ್ದೂ ಇದೇ ಪದ್ಧತಿ," ಎಂದರು ಅತ್ತೆ. "ಅರ್ಧ ಈಗ, ಅರ್ಧ ನೆನಪಾದಾಗ."

ಟೈಲರಮ್ಮ ಗಂಡನ ಮುಖ ನೋಡಿದಳು. ಅವನು ಡ್ಯೂಟಿಗೆ ಹೋಗಲು ಅಂಗಿ ತೊಡುತ್ತಿದ್ದ. ಇಡೀ ಹಗಲು ನಿದ್ದೆಯಿಲ್ಲ. ಇನ್ನು ರಾತ್ರಿಯೆಲ್ಲ ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸಬೇಕು. ರಿಯಾಯಿತಿಯ ಆಸೆಗೆ ಸಾಲ ಮಾಡುವುದು ಬೇಡ ಎಂದು ಅವಳಿಗೆ ಆಗಲೇ ತೋರಿತ್ತು. ಮಿಷಿನ್ನಿಗೆ ಹೊಸ ಮೋಟರು ಹಾಕಿಸಲು ಎತ್ತಿಟ್ಟ ದುಡ್ಡು ಮೊದಲ ಕಂತಿಗಾಗುತ್ತದೆ. ಸಮವಸ್ತ್ರದ ಕೂಲಿ ಬಂದರೆ ಎರಡನೆಯದು.

"ಎರಡು ಕಂತು ಸರ್. ಕಿಟಕೀಲೇ ಕಟ್ತೀನಿ. ರಸೀದಿ ಕೈಗೆ ಬಂದ್ರೆ ನಿದ್ದೆ ಬರುತ್ತೆ."

"ಮೋಟರ್ರು?" ಎಂದ ಗಂಡ.

"ಕಾಲಿಲ್ವಾ ನನಗೆ? ತುಳೀತೀನಿ."

ಅಂದ ಮೇಲೆ, ಮುಂಗೋಣೆಯ ಮೇಜಿನ ಅಡಿಗೆ ತನ್ನ ಕಣ್ಣು ಯಾಕೆ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ.

ಅಳತೆಯವರು ಹೋದರು. ಗಂಡ ಟಿಫಿನ್ ಡಬ್ಬಿ ಹಿಡಿದು, ಗುಬ್ಬಿಯ ತಲೆ ಸವರಿ, ಮೇಜಿನ ಪಕ್ಕದ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ದಾಟಿ ಹೊರಟ. ಅತ್ತೆ ಒಳಗೆ ಹೋಗಿ ಮಂಚದ ಮೇಲೆ ಕೂತರು. ಕೈಯಲ್ಲಿ ಗುಂಡಿಯಿಲ್ಲದೆ ಆ ಕೋಣೆಯಲ್ಲಿ ಅವರು ಕೂತದ್ದೇ ಅಪರೂಪ. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಮಡಿಲಲ್ಲಿಟ್ಟುಕೊಂಡಿದ್ದರು.

ಟೈಲರಮ್ಮ ಮುಂಗೋಣೆಯ ದೀಪ ಹಾಕಿದಳು. ಒಂದಿಡೀ ದಿನದ ಹೊಲಿಗೆ ಹಾಗೇ ಉಳಿದಿತ್ತು. ಗಂಟು ಬಿಚ್ಚಿ, ಪುಟ್ಟ ಪುಟ್ಟ ಕಾಲರುಗಳನ್ನು ಒಂದರ ಮೇಲೊಂದು ಜೋಡಿಸಿ, ಸೂಜಿಗೆ ದಾರ ಪೋಣಿಸಿ ಕೂತಳು. ಮೊದಲು ಇದೇ ಹೊತ್ತಿಗೆ ಅವಳು ಒಳಗಿನ ಕಿಟಕಿಯ ಬಳಿ ಅಂಚು ಹೊಲಿಯುತ್ತಿದ್ದಳು. ಗುಬ್ಬಿ ಕಾಲ ಬಳಿ ಮಲಗಿ ಏನೋ ಗುನುಗುತ್ತಿರುತ್ತಿದ್ದಳು. ಈಗ ಬೆನ್ನ ಹಿಂದೆ ಪರದೆ, ಅದರ ಕೆಳಗೆ ಗೆರೆ.

ಎರಡು ಕಾಲರು ಮುಗಿಸುವಷ್ಟರಲ್ಲಿ ಹಿಂದಿನಿಂದ ಯಾರೋ ನೋಡುತ್ತಿರುವ ಹಾಗೆ ಅನಿಸಿತು. ತಿರುಗಿದಳು.

ಪರದೆ ಒಂದು ಕಡೆಗೆ ಸರಿದಿತ್ತು. ಗುಬ್ಬಿ ನಿಂತಿದ್ದಳು. ಎರಡೂ ಪಾದಗಳನ್ನು ಜೋಡಿಸಿ, ಬೆರಳುಗಳು ಸೀಮೆಸುಣ್ಣದ ಗೆರೆಗೆ ಸರಿಯಾಗಿ ತಾಗುವಂತೆ, ಅದನ್ನು ದಾಟದಂತೆ. ಕಂಕುಳಲ್ಲಿ ದಿಂಬು.

"ಯಾಕೆ ಪುಟ್ಟಾ, ಹಸಿವಾ?"

ಇಲ್ಲವೆಂದು ತಲೆಯಾಡಿಸಿದಳು.

"ಬೆಳಿಗ್ಗೆಯಿಂದ ಏನೋ ಕೇಳಬೇಕು ಅಂತಿದ್ಯಲ್ಲ. ಏನದು?"

ಗುಬ್ಬಿ ಗೆರೆ ನೋಡಿದಳು, ಮೇಜು ನೋಡಿದಳು. ಅದರ ಪಕ್ಕ ಕೂತ ಅಮ್ಮನನ್ನು ಕಾಲಿನಿಂದ ಮುಖದವರೆಗೂ ನೋಡಿದಳು. ಬೆಳಿಗ್ಗೆ ಬಾಯಿಗೆ ಬಂದು ಸಿಕ್ಕಿಕೊಂಡಿದ್ದಕ್ಕೆ ಈಗ ಮಾತು ಸಿಕ್ಕಂತಿತ್ತು.

ಟೈಲರಮ್ಮನ ನಾಲಿಗೆಯ ತುದಿಗೆ ಆಮೇಲೆ ಎಂಬ ಮಾತು ತಾನಾಗಿಯೇ ಬಂದಿತ್ತು, ಅಳತೆಗೆ ಸಡಿಲ ಸೇರಿಸುವ ಕೈಯ ಹಾಗೆ. ಅದನ್ನು ನುಂಗಿಕೊಂಡು, ಪೆಡಲಿನಿಂದ ಕಾಲು ತೆಗೆದಳು. ಮಿಷಿನ್ನಿನ ಚಕ್ರ ಒಂದು ಸುತ್ತು ತಾನೇ ತಿರುಗಿ ನಿಂತಿತು.

"ಕೇಳು," ಎಂದಳು.

"ಅಮ್ಮಾ, ನೀನು ಮನೆಗೆ ಯಾವಾಗ ಬರ್ತೀಯಾ?"